ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ: ಒಂದು ಉಪಚುನಾವಣೆಯ ಆಚೆಗೆ

ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೆಂದರೆ ಬಹುತೇಕರಿಗೆ ನೆನಪಾಗುವುದು 1978ರ ನವೆಂಬರ್ ಒಂದೇ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಈ ಸ್ಥಾನದಲ್ಲಿ ನಿಂತು, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಆ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಗೊಳಿಸಿತು. ಕ್ಷೇತ್ರದ ಪಾಲಿಗೆ ಆ ಪ್ರಾತಿನಿಧ್ಯ ಎರಡು ತಿಂಗಳೂ ಬಾಳಲಿಲ್ಲ. 1980ರಲ್ಲಿ ಇಂದಿರಾ ಸ್ಪರ್ಧಿಸಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. 1967ರಿಂದ ನಾಲ್ಕು ದಶಕ ಬಾಳಿದ ಕ್ಷೇತ್ರವೊಂದರ ಚರಿತ್ರೆಯನ್ನು ಈ ಒಂದು ಪ್ರಸಂಗಕ್ಕೆ ಕಟ್ಟಿಹಾಕಿದ್ದರಿಂದ, ಆ ಕ್ಷೇತ್ರ ಇಲ್ಲವಾದಾಗ ಮಲೆನಾಡು ಕಳೆದುಕೊಂಡದ್ದೇನು ಎಂಬುದು ಚರ್ಚೆಗೇ ಬರಲಿಲ್ಲ.

ಆ ಗೆಲುವನ್ನೂ ವ್ಯಕ್ತಿಯ ವರ್ಚಸ್ಸಿಗಿಂತ ನೆಲದ ಲೆಕ್ಕದಲ್ಲಿ ನೋಡಿದರೆ ಹೆಚ್ಚು ಅರ್ಥವಾಗುತ್ತದೆ. ಕ್ಷೇತ್ರ ಘಟ್ಟದ ಮೇಲೂ ಕೆಳಗೂ ಹರಡಿತ್ತು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ. ಶೃಂಗೇರಿ ಕಡೆಯಿಂದ ಎಸ್.ಕೆ. ಬಾರ್ಡರ್ ದಾಟಿ ಮಾಳ ಘಾಟಿ ಇಳಿದರೆ ಕಾರ್ಕಳ. ಮೇಲೆ ಕಾಫಿ ತೋಟ, ಲೈನ್‌ಮನೆಗಳ ಕೂಲಿಕಾರರು, ಅಡಿಕೆ ಬೆಳೆಗಾರರು. ಪೂರ್ವಕ್ಕೆ ಬೀರೂರಿನ ಬಯಲುಸೀಮೆ. ಕೆಳಗೆ ತುಳು ಮಾತಾಡುವ ಗೇಣಿ ಒಕ್ಕಲು. 1974ರಲ್ಲಿ ಜಾರಿಗೆ ಬಂದ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಈ ಎಲ್ಲರನ್ನೂ ಒಂದೇ ರೀತಿ ಮುಟ್ಟಲಿಲ್ಲ. ಘಟ್ಟದ ಕೆಳಗೆ ಗೇಣಿದಾರರು ಭೂಮಿಯ ಹಕ್ಕಿಗೆ ಡಿಕ್ಲರೇಶನ್ ಹಾಕಿ ಉಳುವ ಗದ್ದೆಯ ಒಡೆಯರಾದರು. ಮೇಲೆ ಕಾಫಿ, ಏಲಕ್ಕಿಯಂಥ ಪ್ಲಾಂಟೇಶನ್ ಬೆಳೆಗಳ ಜಮೀನಿಗೆ ಭೂಮಿತಿಯಿಂದ ವಿನಾಯಿತಿ ಸಿಕ್ಕಿತು. ಹೀಗೆ ಗೇಣಿದಾರನೂ ತೋಟದ ಮಾಲೀಕನೂ ಒಂದೇ ಪಕ್ಷದ ಬಗ್ಗೆ ಸಮಾಧಾನದಿಂದಿರುವ ಅಪರೂಪದ ಸ್ಥಿತಿ ಇಲ್ಲಿತ್ತು. ದೇಶದ ಉತ್ತರ ಭಾಗದಲ್ಲಿ ಕಾಂಗ್ರೆಸ್ ಧೂಳೀಪಟವಾದ 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾಗಿದ್ದವು. ಇಂದಿರಾ ಅವರಿಗೆ ಚಿಕ್ಕಮಗಳೂರು ಸುರಕ್ಷಿತವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕ್ಷೇತ್ರ ಇಂದಿರಾರನ್ನು ಎತ್ತಿ ಹಿಡಿಯುವ ಮೊದಲೇ ಅರಸರ ಕಾಯ್ದೆ ಕ್ಷೇತ್ರವನ್ನು ಸಿದ್ಧಗೊಳಿಸಿತ್ತು.

ಇದನ್ನು ಕಾಂಗ್ರೆಸ್ಸಿನ ಕೋಟೆ ಎಂದು ಕರೆದುಬಿಡುವುದೂ ಪೂರ್ತಿ ಸರಿಯಲ್ಲ. 1967ರ ಮೊದಲ ಚುನಾವಣೆಯಲ್ಲಿ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಹುಚ್ಚೇಗೌಡರು. ಆಮೇಲೆ ಚಂದ್ರೇಗೌಡ, ಡಿ.ಎಂ. ಪುಟ್ಟೇಗೌಡ, ಡಿ.ಕೆ. ತಾರಾದೇವಿ ಅವರ ಮೂಲಕ 1991ರವರೆಗೆ ಕಾಂಗ್ರೆಸ್ ನಡೆಯಿತು. 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್ ಗೆದ್ದರು. 1998, 1999 ಮತ್ತು 2004ರಲ್ಲಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಸತತವಾಗಿ ಆರಿಸಿಬಂದರು. ಸಮಾಜವಾದಿ, ಕಾಂಗ್ರೆಸ್, ಜನತಾ, ಬಿಜೆಪಿ ಎಂದು ರಾಜ್ಯದ ರಾಜಕೀಯದ ಎಲ್ಲ ಧಾರೆಗಳಿಗೂ ಸರದಿ ಸಿಕ್ಕಿತು. ಬದಲಾಗದೆ ಉಳಿದ ಸಂಗತಿಯೊಂದಿತ್ತು: ಎರಡು ತಿಂಗಳು ತುಂಬದ ಇಂದಿರಾ ಅವಧಿಯನ್ನು ಬಿಟ್ಟರೆ, ಇಲ್ಲಿ ಗೆಲ್ಲಬೇಕಾದವರು ತೋಟದ ಕೂಲಿಕಾರನಿಂದ ಕಾರ್ಕಳದ ಒಕ್ಕಲಿನವರೆಗೆ ಎಲ್ಲರ ಮನೆಬಾಗಿಲಿಗೆ ಹೋಗಲೇಬೇಕಿತ್ತು.

2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂದಾಗ ಈ ಹೊಂದಾಣಿಕೆ ಮುರಿಯಿತು. ಬೀರೂರು ವಿಧಾನಸಭಾ ಕ್ಷೇತ್ರವೇ ಅಳಿಸಿಹೋಗಿ ಜಿಲ್ಲೆಯ ಶಾಸಕರ ಸಂಖ್ಯೆ ಆರರಿಂದ ಐದಕ್ಕಿಳಿಯಿತು. ಕಡೂರು ಈಗ ಹಾಸನ ಲೋಕಸಭಾ ಕ್ಷೇತ್ರದಲ್ಲಿದೆ, ಬೆಳ್ತಂಗಡಿ ದಕ್ಷಿಣ ಕನ್ನಡದಲ್ಲಿ. ಉಳಿದ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳಿಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳನ್ನು ಜೋಡಿಸಿ ಉಡುಪಿ ಚಿಕ್ಕಮಗಳೂರು ಕ್ಷೇತ್ರ ಮಾಡಲಾಯಿತು. ಅಲ್ಲಿಂದೀಚೆಗೆ ಗೆದ್ದ ಡಿ.ವಿ. ಸದಾನಂದ ಗೌಡ, ಕೆ. ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ, ಕೋಟ ಶ್ರೀನಿವಾಸ ಪೂಜಾರಿ ಈ ನಾಲ್ವರೂ ಘಟ್ಟದ ಕೆಳಗಿನವರು. ಇದು ಅವರ ದುಡಿಮೆಯ ಮೇಲಿನ ಟೀಕೆಯಲ್ಲ. ತಕ್ಕಡಿ ಯಾವ ಕಡೆ ವಾಲಿದೆ ಎಂಬುದಕ್ಕೆ ಸಾಕ್ಷಿ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಪ್ರತಿ ಮತಕ್ಕೂ ಸಮಾನ ಬೆಲೆ ಇರಬೇಕಾದರೆ ಜನಸಂಖ್ಯೆಯೇ ಅಳತೆಗೋಲಾಗಬೇಕಲ್ಲವೇ ಎನ್ನುತ್ತಾರೆ. ನಿಜ. 2001ರಲ್ಲಿ 11.40 ಲಕ್ಷವಿದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11.38 ಲಕ್ಷಕ್ಕೆ ಇಳಿದಿತ್ತು. ಇಷ್ಟು ಜನಕ್ಕೇ ಪ್ರತ್ಯೇಕ ಸ್ಥಾನ ಕೇಳುವಂತಿಲ್ಲ. ಆದರೆ ಈ ಜಿಲ್ಲೆಗೆ ಹಿಂದೆಯೂ ಪೂರ್ತಿ ಸ್ಥಾನವಿರಲಿಲ್ಲ, ಕರಾವಳಿಯ ಎರಡು ತಾಲ್ಲೂಕುಗಳ ಜೊತೆಗೇ ಇತ್ತು. ಪ್ರಶ್ನೆ ಎಷ್ಟು ಜನ ಎಂಬುದಲ್ಲ, ಯಾರ ಜೊತೆ ಯಾರನ್ನು ಸೇರಿಸಿದರು ಎಂಬುದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಕಡೂರು–ಚಿಕ್ಕಮಗಳೂರು ರೈಲು ಓಡಿದ್ದು 2013ರಲ್ಲಿ, ಹಳೆಯ ಕ್ಷೇತ್ರ ಅಳಿದ ಮೇಲೆ. ನಾಲ್ಕು ದಶಕದ ಸ್ವಂತ ಸಂಸದರಿದ್ದೂ ಜಿಲ್ಲಾ ಕೇಂದ್ರಕ್ಕೆ ರೈಲು ಬಂದಿರಲಿಲ್ಲ. ಇದನ್ನು ಒಪ್ಪಲೇಬೇಕು. ಆದರೂ ರೈಲಿನಂಥ ಬೇಡಿಕೆಗೆ ವಿರೋಧಿಗಳಿರುವುದಿಲ್ಲ. ಅರಣ್ಯ ಒತ್ತುವರಿ, ಆನೆ ಹಾವಳಿ, ಕಾಫಿ ದರ, ಪಶ್ಚಿಮ ಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿಯಂಥ ವಿಷಯಗಳು ಹಾಗಲ್ಲ. ಅವಕ್ಕೆ ದೆಹಲಿಯಲ್ಲಿ ಪಟ್ಟು ಹಿಡಿದು ವಾದಿಸುವವರು ಬೇಕು. ಬಂದರು, ಮೀನುಗಾರಿಕೆಯ ಸಮಸ್ಯೆಗಳೂ ಅಷ್ಟೇ ಗಂಭೀರವಾಗಿರುವ ಕ್ಷೇತ್ರದಲ್ಲಿ ಒಬ್ಬರೇ ಸಂಸದರು ಎರಡಕ್ಕೂ ನ್ಯಾಯ ಒದಗಿಸುವುದು ಕಷ್ಟ.

ಲೋಕಸಭಾ ಸ್ಥಾನಗಳ ಹಂಚಿಕೆಗೆ ಹಾಕಿರುವ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ಮುಂದಿನ ಪುನರ್ವಿಂಗಡಣಾ ಆಯೋಗ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಿದಾಗ ಪಕ್ಷಗಳು ತಮ್ಮ ಲಾಭನಷ್ಟ ನೋಡಿಕೊಂಡು ಅರ್ಜಿ ಹಾಕುತ್ತವೆ. ಮಲೆನಾಡಿನ ಗ್ರಾಮ ಪಂಚಾಯಿತಿಗಳು, ಬೆಳೆಗಾರರ ಸಂಘಗಳು, ತೋಟ ಕಾರ್ಮಿಕರ ಯೂನಿಯನ್‌ಗಳು ಆ ದಿನ ತಮ್ಮ ತಾಲ್ಲೂಕು ಯಾವುದರ ಜೊತೆ ಇರಬೇಕೆಂಬುದನ್ನು ಕಾರಣಸಹಿತ ಬರೆದು ಸಲ್ಲಿಸಬೇಕು. ಅದರ ತಯಾರಿ ಈಗಲೇ ಆರಂಭವಾಗಲಿ.