ನೀರಿಗೆ ಹಾಕಿದ ಬೀಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಸ್ಟಮ್ ಅಸೆಂಬಲ್ ಮಾಡಿ ಹೊಟ್ಟೆ ಹೊರೆಯುವ ನನಗೆ ಗಿರಾಕಿಗಳ ಒಂದು ಮಾತು ಮಾತ್ರ ಒಪ್ಪಿಗೆಯಾಗುವುದಿಲ್ಲ. ಪ್ರೊಸೆಸರ್‌ಗೆ ನೀರಿನ ಕೂಲರ್ ಹಾಕಿಸುವುದು ಈಗಿನ ಹುಡುಗರ ಶೋಕಿ ಅಂತಾರೆ. ಬಣ್ಣದ ದೀಪ ಶೋಕಿಯೇ, ಸರಿ. ನೀರು ಮಾತ್ರ ನನಗಿಂತ ಹಿರಿಯದು.

1960ರ ದಶಕದಲ್ಲೇ ಐಬಿಎಂನ ಸಿಸ್ಟಮ್/360 ಮಾಡೆಲ್ 91ರೊಳಗೆ ನೀರು ಹರಿಯುತ್ತಿತ್ತು. ಆದರೆ ನಾನು ಮೆಚ್ಚುವುದು 1980ರ ನವೆಂಬರಿನಲ್ಲಿ ಅದೇ ಕಂಪನಿ ಪ್ರಕಟಿಸಿದ 3081 ಯಂತ್ರವನ್ನು. ಆಗಿನ ದೊಡ್ಡ ಯಂತ್ರಗಳದ್ದು ಬೈಪೋಲಾರ್ ಚಿಪ್. ವೇಗ ಜಾಸ್ತಿ, ಕರೆಂಟ್ ಕುಡಿಯುವುದೂ ಜಾಸ್ತಿ. ಅಂಗೈಯಗಲದ ಒಂದು ಪಿಂಗಾಣಿ ಬಿಲ್ಲೆಯ ಮೇಲೆ ನೂರಕ್ಕೂ ಹೆಚ್ಚು ಚಿಪ್ ಕೂರಿಸಿ, ಒಂದೊಂದರ ಬೆನ್ನಿಗೂ ಸ್ಪ್ರಿಂಗ್ ಒತ್ತಿದ ಪುಟ್ಟ ಪಿಸ್ಟನ್ ಇಟ್ಟಿದ್ದರು. ಸಂದುಗಳಲ್ಲಿ ಗಾಳಿಯ ಬದಲು ಹೀಲಿಯಂ ತುಂಬಿದ್ದರು. ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಅದು ಶಾಖ ದಾಟಿಸುತ್ತದೆ. ಎಲ್ಲದರ ಮೇಲೆ ತಣ್ಣೀರು ಹರಿಯುವ ಲೋಹದ ತಟ್ಟೆ. ನೀರು ಚಿಪ್ಪನ್ನು ಮುಟ್ಟುತ್ತಲೇ ಇರಲಿಲ್ಲ. ಇವತ್ತು ನನ್ನ ಮೇಜಿನ ಮೇಲೆ ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ಎಐಒ (ಆಲ್-ಇನ್-ಒನ್) ಕೂಲರ್ ಬಿಚ್ಚಿಟ್ಟರೂ ಅದೇ ಕ್ರಮ: ಚಿಪ್, ಪೇಸ್ಟ್, ತಾಮ್ರದ ತಟ್ಟೆ, ಅದರಾಚೆಗೆ ನೀರು. 1985ರ ಕ್ರೇ-2 ಇನ್ನೂ ಮುಂದೆ ಹೋಗಿ, ವಿದ್ಯುತ್ ಹರಿಯಬಿಡದ ಫ್ಲೋರಿನರ್ಟ್ ದ್ರವದಲ್ಲಿ ಬೋರ್ಡುಗಳನ್ನೇ ಮುಳುಗಿಸಿಬಿಟ್ಟಿತು.

ಆಮೇಲೆ ಕಡಿಮೆ ಕರೆಂಟ್ ಕುಡಿಯುವ ಸಿಮಾಸ್ ಚಿಪ್ ಬಂದು ಪೈಪುಗಳನ್ನೆಲ್ಲ ಕಿತ್ತು ಹಾಕಿಸಿತು. 1990ರ ದಶಕದಲ್ಲಿ ಐಬಿಎಂನ ದೊಡ್ಡ ಯಂತ್ರಗಳೂ ಫ್ಯಾನಿಗೆ ಮರಳಿದವು. ನಾವು ಜೋಡಿಸುತ್ತಿದ್ದ 486ಗಳಲ್ಲಿ ಎಷ್ಟಕ್ಕೋ ಫ್ಯಾನೂ ಬೇಡವಾಗಿತ್ತು. 1993ರ ಪೆಂಟಿಯಂನಿಂದಾಚೆ ಫ್ಯಾನ್ ಕಡ್ಡಾಯವಾಯಿತು. ಅದರ ಸದ್ದೂ ನಮ್ಮ ಮನೆಗಳಿಗೆ ಬಂತು.

ಮನೆಯ ಕಂಪ್ಯೂಟರಿಗೆ ನೀರು ತಂದವರು ಯಾವ ಕಂಪನಿಯವರೂ ಅಲ್ಲ, ಚಿಪ್ಪನ್ನು ನಿಗದಿತ ವೇಗ ಮೀರಿ ಓಡಿಸುವ, ಅಂದರೆ ಓವರ್‌ಕ್ಲಾಕ್ ಮಾಡುವ ಹುಡುಗರು. 1998ರ ಸೆಲೆರಾನ್ 300ಎ ಚಿಪ್ 300 ಮೆಗಾಹರ್ಟ್ಸ್‌ನದು. ಮದರ್‌ಬೋರ್ಡಿನ ಬಸ್ಸಿನ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ 450ರಲ್ಲಿ ಓಡುತ್ತಿತ್ತು. ಒಮ್ಮೆ ರುಚಿ ಹತ್ತಿದ ಮೇಲೆ ಬಿಟ್ಟಾರೆಯೇ? ಆದರೆ ವೇಗದ ಜೊತೆ ಶಾಖವೂ ಏರುತ್ತದೆ. ಅಮೆರಿಕದಲ್ಲಿ ಗುಜರಿ ಕಾರಿನ ಹೀಟರ್ ಕೋರ್, ಮೀನಿನ ತೊಟ್ಟಿಯ ಪಂಪು, ಕೊರೆದ ತಾಮ್ರದ ಗಟ್ಟಿ ಸೇರಿಸಿ ಕೂಲರ್ ಕಟ್ಟಿದರು. ನಮಗಂತೂ ಕಾರಿನ ಬಿಡಿಭಾಗಗಳ ಜೆ.ಸಿ. ರಸ್ತೆ ನಡೆದು ಹೋಗುವಷ್ಟು ದೂರ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಅಲ್ಲಿಂದ ಹೀಟರ್ ಕೋರ್ ಹೊತ್ತು ತಂದು, "ಅಣ್ಣಾ, ಇದನ್ನ ಕ್ಯಾಬಿನೆಟ್ ಹಿಂದೆ ಕೂರಿಸಿ ಕೊಡಿ" ಅಂದಿದ್ದ. ಕೂರಿಸಿಕೊಟ್ಟೆ. ಕ್ಲಾಂಪ್ ಬಿಗಿ ಮಾಡುವುದು, ಗುಳ್ಳೆ ಹೊರಡಿಸುವುದು, ಕೆಳಗೆ ಪೇಪರ್ ಹಾಸಿ ರಾತ್ರಿಯೆಲ್ಲ ಬರೀ ಪಂಪ್ ಓಡಿಸಿ ಸೋರುತ್ತದೆಯೇ ನೋಡುವುದು, ಇಷ್ಟೂ ಕೈಕೆಲಸ.

2004 ದೊಡ್ಡ ಕಂಪನಿಗಳಿಗೆ ಬೆವರಿಳಿಸಿದ ವರ್ಷ. ಇಂಟೆಲ್‌ನ ಪ್ರೆಸ್ಕಾಟ್ ಪೆಂಟಿಯಂ 4 ಕೆಲವು ಮಾದರಿಗಳಲ್ಲಿ 115 ವ್ಯಾಟ್ ಮುಟ್ಟಿತು. ಅದರ ಮುಂದಿನ ತೇಜಸ್ ಯೋಜನೆಯನ್ನು ಮೇ ತಿಂಗಳಲ್ಲಿ ಕೈಬಿಟ್ಟರು. ಜೂನ್‌ನಲ್ಲಿ ಆಪಲ್ ತನ್ನ 2.5 ಗಿಗಾಹರ್ಟ್ಸ್ ಪವರ್ ಮ್ಯಾಕ್ ಜಿ5ಗೆ ಕಾರ್ಖಾನೆಯಲ್ಲೇ ನೀರಿನ ವ್ಯವಸ್ಥೆ ಕೂರಿಸಿತು. ಅದನ್ನು ಮಾಡಿಕೊಟ್ಟದ್ದು ಡೆಲ್ಫಿ ಎಂಬ ಕಾರಿನ ಬಿಡಿಭಾಗಗಳ ಕಂಪನಿ! ವರ್ಷಗಳು ಕಳೆದ ಮೇಲೆ ಅವುಗಳಲ್ಲಿ ಕೆಲವು ಸೋರಿ ಬೋರ್ಡನ್ನೇ ತಿಂದವು.

ಡೆನ್ಮಾರ್ಕಿನ ಅಸೆಟೆಕ್ ಕಂಪನಿ ಹಿಡಿದದ್ದು ಸೋರಿಕೆಯ ಈ ಭಯವನ್ನೇ. ಮೊದಲು ಅವರು ಕ್ಯಾಬಿನೆಟ್ ಅಡಿಗೆ ಫ್ರಿಜ್ಜಿನ ಕಂಪ್ರೆಸರ್ ಇಡುವ ವೇಪೋಚಿಲ್ ಮಾಡುತ್ತಿದ್ದವರು. ಆಮೇಲೆ ಪಂಪನ್ನೂ ತಾಮ್ರದ ತಟ್ಟೆಯನ್ನೂ ಒಂದೇ ಡಬ್ಬಿಯಲ್ಲಿಟ್ಟು, ಎರಡು ಪೈಪಿನಿಂದ ರೇಡಿಯೇಟರ್‌ಗೆ ಜೋಡಿಸಿ, ಕಾರ್ಖಾನೆಯಲ್ಲೇ ದ್ರವ ತುಂಬಿ ಬಾಯಿ ಮುಚ್ಚಿದರು. 2009ರಲ್ಲಿ ಕೊರ್ಸೇರ್ ತನ್ನ ಹೆಸರಿನಲ್ಲಿ ಮಾರಿದ ಎಚ್50 ಅವರದೇ ತಯಾರಿ: 120 ಮಿ.ಮೀ. ರೇಡಿಯೇಟರ್, ಒಂದು ಫ್ಯಾನ್. ಪಂಪು, ತಟ್ಟೆ ಒಂದೇ ಡಬ್ಬಿಯಲ್ಲಿಡುವುದರ ಮೇಲೆ ಪೇಟೆಂಟ್ ಜಗಳವೂ ಶುರುವಾಯಿತು. 2014ರಲ್ಲಿ ಕೂಲರ್ ಮಾಸ್ಟರ್ ವಿರುದ್ಧ ಅಸೆಟೆಕ್ ಗೆದ್ದಿತು. ಪಂಪನ್ನು ರೇಡಿಯೇಟರ್ ಕಡೆಗೆ ಸರಿಸಿ ತಪ್ಪಿಸಿಕೊಂಡವರೂ ಇದ್ದಾರೆ.

ನನ್ನ ಲೆಕ್ಕದಲ್ಲಿ ಎಐಒ ಗೆದ್ದದ್ದು ತಂಪಿನಿಂದಲ್ಲ, ಮುಚ್ಚಳದಿಂದ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರುತ್ತದೆ, ನಿಜ. ಆದರೆ ಹೊತ್ತದ್ದನ್ನು ಕೊನೆಗೆ ಇಳಿಸುವುದು ಕೋಣೆಯ ಗಾಳಿಗೇ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಎಷ್ಟೇ ದುಬಾರಿ ಎಐಒ ಹಾಕಿದರೂ ಚಿಪ್ಪು ಅದಕ್ಕಿಂತ ಕೆಳಗಿಳಿಯದು. ಆಫೀಸು ಕೆಲಸಕ್ಕೆ ಕೇಳುವವರಿಗೆ ಒಳ್ಳೆಯ ಏರ್ ಕೂಲರ್ ಸಾಕು ಅನ್ನುತ್ತೇನೆ. ವಿಡಿಯೋ ರೆಂಡರ್ ಮಾಡುವವರಿಗೆ 360 ಮಿ.ಮೀ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಲೆಗೆ ಕೂರಿಸುತ್ತೇನೆ. ಗಾಳಿಗುಳ್ಳೆ ಅಲ್ಲಿ ಮೇಲೇರಿ ನಿಂತರೆ ಪಂಪ್ ಬದುಕುತ್ತದೆ.

ಮುಚ್ಚಿದರೂ ನೀರು ನಿಲ್ಲುವುದಿಲ್ಲ. ರಬ್ಬರ್ ಪೈಪಿನ ಗೋಡೆಯಿಂದಲೇ ವರ್ಷವರ್ಷವೂ ಚೂರುಚೂರು ಆವಿಯಾಗುತ್ತದೆ, ಪಂಪ್ ಗೊರಗೊರ ಅನ್ನತೊಡಗುತ್ತದೆ. ತುಂಬಲು ಬಾಯಿಲ್ಲದ್ದರಿಂದ ಇಡೀ ಕೂಲರ್ ಗುಜರಿಗೆ. ಜರ್ಮನಿಯ ಬಿ ಕ್ವಯಟ್ ತನ್ನ ಕೆಲವು ಮಾದರಿಗಳಿಗೆ ಈಗ ಮತ್ತೆ ತುಂಬುವ ಬಾಯಿ ಇಟ್ಟಿದೆ, ಜೊತೆಗೆ ದ್ರವದ ಒಂದು ಪುಟ್ಟ ಬಾಟಲಿಯನ್ನೂ ಕೊಡುತ್ತದೆ. ಅಂಥದ್ದು ಅಂಗಡಿಗೆ ಬಂದರೆ ಖುಷಿಯಿಂದಲೇ ತುಂಬಿಕೊಡುತ್ತೇನೆ. ಕೂಲಿಯನ್ನಂತೂ ಬಿಡುವುದಿಲ್ಲ.