ಅಗ್ಗದ ಪ್ರೊಸೆಸರ್, ಬಯಲುಸೀಮೆಯ ಬಿಸಿಲು: ಓವರ್‌ಕ್ಲಾಕಿಂಗ್ ಪದ್ಧತಿಯ ಇತಿಹಾಸ

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಪದ್ಧತಿಗೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಪ್ರೊಸೆಸರಿನ ಒಳಗೆ ನಡೆಯುವ ಪ್ರತಿಯೊಂದು ಕ್ರಿಯೆಯೂ ಒಂದು ಸ್ಫಟಿಕದ ಕಂಪನದಿಂದ ಹುಟ್ಟುವ ತಾಳಕ್ಕೆ ಬದ್ಧವಾಗಿರುತ್ತದೆ. ಆ ತಾಳ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಬೀಳುತ್ತದೆ ಎಂಬುದನ್ನು ಮೆಗಾಹರ್ಟ್ಸ್ ಎಂಬ ಅಳತೆಯಲ್ಲಿ ಹೇಳಲಾಗುತ್ತದೆ. ತಾಳವನ್ನು ಬಿಗಿಗೊಳಿಸಿದಷ್ಟೂ ಲೆಕ್ಕ ಬೇಗ ಮುಗಿಯುತ್ತದೆ, ಅದರ ಜೊತೆಗೇ ಚಿಪ್ ಹೆಚ್ಚು ಬಿಸಿಯಾಗುತ್ತದೆ. ಈ ಪದ್ಧತಿಯ ಕತೆಯನ್ನು ಸಾಮಾನ್ಯವಾಗಿ ವೇಗದ ಕತೆಯಾಗಿಯೇ ಬರೆಯುತ್ತ ಬರಲಾಗಿದೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ, ಇಂದಿನ ದಾಖಲೆಗಳಲ್ಲಿ ಮುನವಳ್ಳಿ ಎಂದು ಬರೆಯಲಾಗುವ ಮನೋಳಿಯಂಥ ಊರಿನಿಂದ ನೋಡುವವರಿಗೆ ಅದರ ಇನ್ನೊಂದು ಮುಖ, ಅಂದರೆ ಶಾಖ ಮತ್ತು ಅದನ್ನು ಹೊರಹಾಕುವ ವೆಚ್ಚ, ಮೊದಲು ಕಣ್ಣಿಗೆ ಬೀಳುತ್ತದೆ.

ಈ ಪದ್ಧತಿಗೆ ಅವಕಾಶ ಒದಗಿದ್ದು ಚಿಪ್ ತಯಾರಿಕೆಯ ಕ್ರಮದಿಂದಲೇ. ಸಿಲಿಕಾನಿನ ಒಂದು ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ರೂಪುಗೊಳ್ಳುತ್ತವೆ. ಆಮೇಲೆ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮಾರುಕಟ್ಟೆಗೆ ಬಂದ ಹತ್ತಿಯನ್ನು ದರ್ಜೆಗಳಾಗಿ ಬೇರ್ಪಡಿಸುವಂತೆ, ಬೇರೆ ಬೇರೆ ವೇಗದ ಹೆಸರು ಕೊಟ್ಟು ಮಾರಲಾಗುತ್ತದೆ. ತಯಾರಿಕೆ ಪಳಗಿದಂತೆ ಬಹುಪಾಲು ಚಿಪ್‌ಗಳು ಮೇಲಿನ ದರ್ಜೆಗೆ ತಕ್ಕವಾಗುತ್ತವೆ. ಆದರೂ ಅಗ್ಗದ ದರ್ಜೆಗೆ ಬೇಡಿಕೆ ಹೆಚ್ಚಾಗಿರುವುದರಿಂದ ಒಳ್ಳೆಯ ಚಿಪ್‌ಗಳ ಮೇಲೂ ಕಡಿಮೆ ವೇಗದ ಮುದ್ರೆ ಬೀಳುತ್ತದೆ. ಮುದ್ರೆಗೂ ಸಾಮರ್ಥ್ಯಕ್ಕೂ ನಡುವೆ ಉಳಿಯುವ ಈ ಅಂತರವೇ ಓವರ್‌ಕ್ಲಾಕಿಂಗ್ ಮಾಡುವವರ ಬಂಡವಾಳವಾಯಿತು.

ಇದರ ಮೊದಲ ಪ್ರಸಿದ್ಧ ಉದಾಹರಣೆ 1984ರಲ್ಲಿ ಐಬಿಎಂ ಹೊರತಂದ ಪಿಸಿ ಎಟಿ ಯಂತ್ರದಲ್ಲಿ ಸಿಗುತ್ತದೆ. ಅದರ 80286 ಪ್ರೊಸೆಸರ್ 6 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು, ಆ ವೇಗವನ್ನು ಒದಗಿಸುತ್ತಿದ್ದುದು 12 ಮೆಗಾಹರ್ಟ್ಸ್‌ನ ಒಂದು ಬಿಡಿ ಸ್ಫಟಿಕ. ಅದನ್ನು ಕಿತ್ತು 16 ಮೆಗಾಹರ್ಟ್ಸ್‌ನ ಸ್ಫಟಿಕವನ್ನು ಕೂರಿಸಿದರೆ ಯಂತ್ರ 8 ಮೆಗಾಹರ್ಟ್ಸ್‌ನಲ್ಲಿ ಓಡುವುದನ್ನು ಬಳಕೆದಾರರು ಕಂಡುಕೊಂಡರು. ಕೆಲವೇ ಕಾಲದಲ್ಲಿ ಕಂಪನಿಯು ಯಂತ್ರದ ಆರಂಭಿಕ ತಂತ್ರಾಂಶದಲ್ಲಿ ವೇಗದ ತಪಾಸಣೆಯನ್ನು ಸೇರಿಸಿ, ಹೀಗೆ ಬದಲಾದ ಯಂತ್ರ ಚಾಲೂ ಆಗದಂತೆ ಮಾಡಿತು. ಬಳಕೆದಾರನು ಅಂತರವನ್ನು ಹುಡುಕುವುದು, ತಯಾರಕನು ಅದನ್ನು ಮುಚ್ಚುವುದು, ಇವೆರಡೂ ಮುಂದಿನ ಮೂರು ದಶಕಗಳ ಉದ್ದಕ್ಕೂ ಮರುಕಳಿಸಿದವು. ಆಗ ಕರ್ನಾಟಕದಲ್ಲಿ ಬೆಂಗಳೂರಿನ ವಿಪ್ರೊದಂಥ ಕಂಪನಿಗಳು ಕಂಪ್ಯೂಟರ್ ತಯಾರಿಕೆಗೆ ಇಳಿದಿದ್ದವು, 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯಿಂದ ಆಮದಿನ ಬಿಗಿಯೂ ಸ್ವಲ್ಪ ಸಡಿಲಗೊಂಡಿತ್ತು. ಆದರೂ ಕಂಪ್ಯೂಟರ್ ಎಂಬುದು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳ ಆಸ್ತಿಯಾಗಿದ್ದ ಆ ಕಾಲದಲ್ಲಿ ಅದರ ಹೊಟ್ಟೆ ಬಗೆದು ಪ್ರಯೋಗ ಮಾಡುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

ಅಗ್ಗದ ಪ್ರೊಸೆಸರನ್ನು ಓವರ್‌ಕ್ಲಾಕಿಂಗ್‌ಗಾಗಿಯೇ ಆರಿಸಿ ಕೊಳ್ಳುವ ರೂಢಿ ಬೇರೂರಿದ್ದು 1998ರಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ಇಂಟೆಲ್ ತನ್ನ ಕಡಿಮೆ ಬೆಲೆಯ ಸೆಲೆರಾನ್ ಮಾಲಿಕೆಯನ್ನು ಆರಂಭಿಸಿತು. ಪ್ರೊಸೆಸರಿಗೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇರಿಸುವ ಎರಡನೆಯ ಹಂತದ ಕ್ಯಾಶ್ ಎಂಬ ಸಣ್ಣ ಸ್ಮೃತಿ ಮೊದಲ ಸೆಲೆರಾನ್‌ಗಳಲ್ಲಿ ಇರಲೇ ಇಲ್ಲ, ಹೀಗಾಗಿ ಅವು ನಿಧಾನಗತಿಗೆ ಹೆಸರಾದವು. ಈ ಕೊರತೆಯನ್ನು ನೀಗಲು ಆಗಸ್ಟ್ 24ರಂದು ಬಂದ ಸೆಲೆರಾನ್ 300ಎ ಚಿಪ್‌ನಲ್ಲಿ 128 ಕಿಲೋಬೈಟ್ ಕ್ಯಾಶ್ ಪ್ರೊಸೆಸರಿನ ಮೈಯಲ್ಲೇ ಅಡಗಿದ್ದು, ಪ್ರೊಸೆಸರಿನ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಅದೇ ಕಾಲದ ದುಬಾರಿ ಪೆಂಟಿಯಂ 2ರ ಕ್ಯಾಶ್ ಗಾತ್ರದಲ್ಲಿ ನಾಲ್ಕು ಪಟ್ಟು ದೊಡ್ಡದಾದರೂ ಅರ್ಧ ವೇಗದಲ್ಲಿ ಓಡುತ್ತಿತ್ತು. ಸಗಟು ಬೆಲೆಯಲ್ಲಿ ಸೆಲೆರಾನ್ 300ಎ 149 ಡಾಲರ್ ಇದ್ದರೆ, ಅದೇ ದಿನ ಬಿಡುಗಡೆಯಾದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2 ಚಿಪ್‌ಗೆ 669 ಡಾಲರ್ ಇತ್ತು.

ಈ ಚಿಪ್ ಆರಿಸಿಕೊಂಡವರ ಲೆಕ್ಕ ಸರಳವಾಗಿತ್ತು. ಪ್ರೊಸೆಸರಿನ ವೇಗ ಎರಡು ಸಂಖ್ಯೆಗಳ ಗುಣಲಬ್ಧ: ಒಂದು, ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿಗೂ ಇತರ ಭಾಗಗಳಿಗೂ ನಡುವೆ ಮಾಹಿತಿ ಸಾಗುವ ದಾರಿಯಾದ ಬಸ್ಸಿನ ವೇಗ, ಇನ್ನೊಂದು, ಪ್ರೊಸೆಸರಿನ ಒಳಗೇ ಇರುವ ಗುಣಕ. 300ಎ ಚಿಪ್‌ನ ಗುಣಕ 4.5 ಎಂದು ಕಾರ್ಖಾನೆಯಲ್ಲೇ ಬೀಗ ಹಾಕಲ್ಪಟ್ಟಿತ್ತು, ಬಸ್ಸಿನ ವೇಗ 66 ಮೆಗಾಹರ್ಟ್ಸ್ ಆಗಿತ್ತು. ಗುಣಕವನ್ನು ಮುಟ್ಟದೆ ಬಸ್ಸನ್ನು 100ಕ್ಕೆ ಏರಿಸಿದರೆ ಚಿಪ್ 450 ಮೆಗಾಹರ್ಟ್ಸ್ ತಲುಪುತ್ತಿತ್ತು. ಬಸ್ಸನ್ನು 75ಕ್ಕೋ 83ಕ್ಕೋ ಏರಿಸಿದಾಗ ಡಿಸ್ಕ್ ಮತ್ತು ಇತರ ಕಾರ್ಡುಗಳಿಗೆ ಹೋಗುವ, 33 ಮೆಗಾಹರ್ಟ್ಸ್‌ಗೆ ಒಗ್ಗಿದ ದಾರಿಯೂ ಅದೇ ಪ್ರಮಾಣದಲ್ಲಿ ಮಿತಿ ಮೀರಿ ಓಡುತ್ತಿದ್ದುದರಿಂದ ಕಡತಗಳು ಕೆಡುವ ಅಪಾಯವಿತ್ತು. 100ರ ಬಸ್ಸಿನಲ್ಲಾದರೆ ಮದರ್‌ಬೋರ್ಡು ಅದನ್ನು ಮೂರರಿಂದ ಭಾಗಿಸಿ ಮತ್ತೆ 33ಕ್ಕೆ ತರುತ್ತಿತ್ತು. ಅಂದರೆ ಹೆಚ್ಚು ವೇಗವೇ ಇಲ್ಲಿ ಹೆಚ್ಚು ಸುರಕ್ಷಿತವೂ ಆಗಿತ್ತು. ಬಸ್ಸಿನ ವೇಗವನ್ನು ತಾನೇ ನಿರ್ಧರಿಸುವ ಮದರ್‌ಬೋರ್ಡುಗಳನ್ನು ಒಪ್ಪಿಸಲು ಚಿಪ್‌ನ ಕಾರ್ಡಿನ ಅಂಚಿನಲ್ಲಿದ್ದ ಬಿ21 ಎಂಬ ಒಂದೇ ಒಂದು ಸಂಪರ್ಕಪಟ್ಟಿಯ ಮೇಲೆ ಸಣ್ಣ ಟೇಪಿನ ಚೂರನ್ನು ಅಂಟಿಸಿದರೆ, ಇಲ್ಲವೇ ಉಗುರುಬಣ್ಣ ಬಳಿದರೆ ಸಾಕಾಗುತ್ತಿತ್ತು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ತಯಾರಿಕಾ ಸಂಕೇತವನ್ನು, ವಿಶೇಷವಾಗಿ ಎಸ್‌ಎಲ್2ಡಬ್ಲ್ಯುಎಂ ಎಂಬುದನ್ನು, ಹುಡುಕಿ ಆರಿಸುವ ಮಟ್ಟಿಗೆ ಈ ವಿದ್ಯೆ ಬೆಳೆಯಿತು.

 ಇತ್ತ 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ್ದರಿಂದ ಕಂಪ್ಯೂಟರ್ ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ವೇಳೆಗೆ ಇಲ್ಲವಾಗುವ ದಾರಿಯಲ್ಲಿತ್ತು. ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸಿದ, ಮಾತಿನಲ್ಲಿ ಅಸೆಂಬಲ್ಡ್ ಎಂದೇ ಕರೆಯುವ ಕಂಪ್ಯೂಟರ್ ಮಧ್ಯಮ ವರ್ಗದ ಮನೆಗೆ ಬಂದದ್ದು ಈ ಅವಧಿಯಲ್ಲಿ, ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಆ ವ್ಯಾಪಾರಕ್ಕೆ ರಾಜ್ಯದಲ್ಲೇ ಹೆಸರುವಾಸಿಯಾಯಿತು. ಬ್ರಾಂಡಿನ ಯಂತ್ರದಲ್ಲಿ ಬಸ್ಸಿನ ವೇಗವನ್ನು ಬದಲಿಸುವ ಆಯ್ಕೆಯೇ ಸಾಮಾನ್ಯವಾಗಿ ಇರುತ್ತಿರಲಿಲ್ಲ, ಹಾಗಾಗಿ ಪ್ರೊಸೆಸರ್, ಮದರ್‌ಬೋರ್ಡು, ಫ್ಯಾನು ಒಂದೊಂದನ್ನೂ ಆರಿಸುವ ಸ್ವಾತಂತ್ರ್ಯವಿದ್ದ ಈ ಅಂಗಡಿಬೀದಿಗಳಿಲ್ಲದೆ ಓವರ್‌ಕ್ಲಾಕಿಂಗ್ ಇಲ್ಲಿ ಕಾಲೂರಲು ಸಾಧ್ಯವಿರಲಿಲ್ಲ.

ಆದರೆ ಆಗ ಪ್ರಕಟವಾಗುತ್ತಿದ್ದ ಬಹುಪಾಲು ಪರೀಕ್ಷಾ ವರದಿಗಳು ಹುಟ್ಟಿದ್ದು ಅಮೆರಿಕ, ಯುರೋಪುಗಳ ತಂಪು ಕೋಣೆಗಳಲ್ಲಿ. ಚಿಪ್ ಬಳಸುವ ವಿದ್ಯುತ್ತು ಅದರ ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಏರುತ್ತದೆ, ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಸುಮಾರು 19 ವ್ಯಾಟ್ ಬಳಸುವ ಸೆಲೆರಾನ್ 300ಎ ಚಿಪ್‌ನ ವೇಗವನ್ನು ಒಂದೂವರೆ ಪಟ್ಟು ಮಾಡಿ, ಅದು ತಡವರಿಸದಂತೆ ವೋಲ್ಟೇಜನ್ನು 2.0ರಿಂದ 2.2ಕ್ಕೆ ಏರಿಸಿದರೆ ಬಳಕೆ ಹತ್ತಿರ ಹತ್ತಿರ 35 ವ್ಯಾಟ್ ಆಗುತ್ತದೆ. ಚಿಪ್‌ನ ಶಾಖವನ್ನು ಹೀರಿ ಗಾಳಿಗೆ ಬಿಡುವ, ತೆಳು ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಗಟ್ಟಿಗೆ ಹೀಟ್‌ಸಿಂಕ್ ಎಂದು ಹೆಸರು. ಒಂದು ವ್ಯಾಟಿಗೆ ಒಂದು ಡಿಗ್ರಿಯಂತೆ ಬಿಸಿಯೇರುವ ಸಾಧಾರಣ ಹೀಟ್‌ಸಿಂಕ್ ಇಟ್ಟುಕೊಂಡರೆ ಚಿಪ್ ಸುತ್ತಲಿನ ಗಾಳಿಗಿಂತ 35 ಡಿಗ್ರಿ ಮೇಲಿರುತ್ತದೆ. ಕೋಣೆ 22 ಡಿಗ್ರಿಯಲ್ಲಿದ್ದು ಪೆಟ್ಟಿಗೆಯ ಒಳಗಾಳಿ ಅದಕ್ಕಿಂತ 5 ಡಿಗ್ರಿ ಹೆಚ್ಚೆಂದು ಹಿಡಿದರೆ ಚಿಪ್ 62ರಲ್ಲಿ ನಿಲ್ಲುತ್ತದೆ. ಬೇಸಿಗೆಯ ನಡುಹಗಲಲ್ಲಿ 40 ಡಿಗ್ರಿಯ ಆಸುಪಾಸಿಗೆ ಹೋಗುವ ಮಲಪ್ರಭೆಯ ಬಯಲಿನಲ್ಲಿ ಅದೇ ಚಿಪ್, ಅದೇ ಹೀಟ್‌ಸಿಂಕ್ 80ಕ್ಕೆ ತಲುಪುತ್ತವೆ. ಬಿಸಿಯಾದಂತೆ ಚಿಪ್‌ನೊಳಗಿನ ಟ್ರಾನ್ಸಿಸ್ಟರುಗಳು ನಿಧಾನವಾಗುವುದರಿಂದ ಜನವರಿಯಲ್ಲಿ 450 ಮುಟ್ಟಿದ ಯಂತ್ರ ಏಪ್ರಿಲಿನಲ್ಲಿ ಮುಗ್ಗರಿಸುವುದು ಸಹಜ. ಮನೋಳಿಯಲ್ಲಿ ಅದೇ 62 ಡಿಗ್ರಿಯನ್ನು ಕಾಯಬೇಕಾದರೆ ವ್ಯಾಟಿಗೆ ಅರ್ಧ ಡಿಗ್ರಿಗಿಂತ ಹೆಚ್ಚು ಏರದ, ಅಂದರೆ ಎರಡರಷ್ಟು ಸಮರ್ಥವಾದ ಹೀಟ್‌ಸಿಂಕ್ ಬೇಕು. ಅಗ್ಗದ ಚಿಪ್‌ನಿಂದ ಉಳಿಸಿದ ಹಣದ ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ಇದಕ್ಕೆ ಸೇರಿಕೊಳ್ಳುವ ಸ್ಥಳೀಯ ಸಂಗತಿಗಳೂ ಇವೆ. ಎರೆಭೂಮಿಯ ನುಣುಪು ಧೂಳು ಮತ್ತು ಹತ್ತಿಯ ಎಳೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕುಳಿತು ಗಾಳಿಯ ದಾರಿಯನ್ನು ಮುಚ್ಚುತ್ತವೆ, ಆದ್ದರಿಂದ ಒತ್ತೊತ್ತಾದ ರೆಕ್ಕೆಗಳ ಸಿಂಕಿಗಿಂತ ಬಿಡಿಬಿಡಿಯಾದ ರೆಕ್ಕೆಗಳ ದೊಡ್ಡ ಸಿಂಕು ಇಲ್ಲಿ ಹೆಚ್ಚು ಕಾಲ ಬಾಳುತ್ತದೆ. ಕರೆಂಟು ಹೋದಾಗ ಯಂತ್ರವನ್ನು ನಡೆಸುವ ಯುಪಿಎಸ್‌ನ ಬ್ಯಾಟರಿ, ಚಿಪ್ ಹೆಚ್ಚು ವ್ಯಾಟ್ ಬಳಸಿದಷ್ಟೂ ಬೇಗ ಬರಿದಾಗುತ್ತದೆ. ಕೊಳವೆಗಳಲ್ಲಿ ನೀರು ಹರಿಸಿ ಚಿಪ್ ತಣಿಸುವ ವ್ಯವಸ್ಥೆ ಕೂಡ ಶಾಖವನ್ನು ಕೊನೆಗೆ ಕೋಣೆಯ ಗಾಳಿಗೇ ಬಿಡುವುದರಿಂದ ಆ ಗಾಳಿಗಿಂತ ತಂಪಾಗಲಾರದು. ಆದರೆ ಬಯಲುಸೀಮೆಗೆ ಒಂದು ಅನುಕೂಲವೂ ಉಂಟು. ಇಲ್ಲಿನ ಬೇಸಿಗೆ ಒಣಬೇಸಿಗೆ. ಒದ್ದೆ ಹುಲ್ಲಿನ ಪರದೆಯ ಮೂಲಕ ಗಾಳಿ ತಳ್ಳುವ ಸಾಮಾನ್ಯ ಕೂಲರ್, ತೇವದಿಂದ ತುಂಬಿದ ಕರಾವಳಿಯ ಗಾಳಿಯಲ್ಲಿ ನಿಷ್ಪ್ರಯೋಜಕವಾದರೂ ಸವದತ್ತಿ, ರಾಮದುರ್ಗಗಳ ಒಣಗಾಳಿಯಲ್ಲಿ ಕೋಣೆಯ ಉಷ್ಣತೆಯನ್ನು ಹಲವು ಡಿಗ್ರಿ ಇಳಿಸುತ್ತದೆ. ಚಿಪ್ ಸುತ್ತಲಿನ ಗಾಳಿಗಿಂತ ಬಿಸಿಯಾಗಿಯೇ ಇರುವುದರಿಂದ ಅದರ ಮೇಲೆ ಹನಿಗಟ್ಟುವ ಭಯವೂ ಇರುವುದಿಲ್ಲ.

ಮುಂದಿನ ದಶಕದಲ್ಲಿ ಇದೇ ನಾಟಕದ ಪಾತ್ರಧಾರಿಗಳು ಬದಲಾದರು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ 2000ದಲ್ಲಿ ತಂದ ಡ್ಯುರಾನ್ ಚಿಪ್‌ನ ಮೇಲ್ಮೈಯಲ್ಲಿದ್ದ ಎಲ್1 ಎಂಬ ಚಿನ್ನದ ಬಣ್ಣದ ಸಣ್ಣ ಸೇತುವೆಗಳನ್ನು ಸಾಮಾನ್ಯ ಸೀಸದ ಕಡ್ಡಿಯಿಂದ ತಿದ್ದಿ ಜೋಡಿಸಿದರೆ ಗುಣಕದ ಬೀಗವೇ ತೆರೆಯುತ್ತಿತ್ತು, ಏಕೆಂದರೆ ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಆದರೆ ಆ ಕಾಲದ ಎಎಂಡಿ ಚಿಪ್‌ಗಳಿಗೆ ಅತಿ ಬಿಸಿಯಾದಾಗ ತಾವಾಗಿ ನಿಧಾನಿಸುವ ವ್ಯವಸ್ಥೆ ಇರಲಿಲ್ಲ. 2001ರಲ್ಲಿ ನಡೆದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ, ಓಡುತ್ತಿರುವಾಗಲೇ ಹೀಟ್‌ಸಿಂಕ್ ಕಿತ್ತರೆ ಇಂಟೆಲ್‌ನ ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಉಳಿಯುವುದೂ ಎಎಂಡಿಯ ಅಥ್ಲಾನ್ ಕ್ಷಣಾರ್ಧದಲ್ಲಿ ಸುಟ್ಟುಹೋಗುವುದೂ ಕಂಡುಬಂದವು. 2003ರ ಅಥ್ಲಾನ್ ಎಕ್ಸ್‌ಪಿ 2500+ ಬಸ್ಸಿನ ವೇಗವನ್ನು 166ರಿಂದ 200ಕ್ಕೆ ಏರಿಸಿದ ಮಾತ್ರಕ್ಕೆ ಮಾಲಿಕೆಯ ತುದಿಯಲ್ಲಿದ್ದ 3200+ ಚಿಪ್‌ಗೆ ಸಮನಾಗುತ್ತಿತ್ತು. 2007ರ ಪೆಂಟಿಯಂ ಇ2160 ಚಿಪ್‌ನ ಗುಣಕ 9, ಬಸ್ಸು 200, ಅದನ್ನು 333ಕ್ಕೆ ಏರಿಸಿದಾಗ 1.8 ಗಿಗಾಹರ್ಟ್ಸ್‌ನ ಚಿಪ್ 3.0 ಗಿಗಾಹರ್ಟ್ಸ್‌ಗೆ ಬರುತ್ತಿತ್ತು. ಬಸ್ಸಿನ ವೇಗ ಏರಿಸುವ ಈ ಚಿಪ್‌ಗಳಲ್ಲಿ ಆಯ್ಕೆಯ ಸೂತ್ರ ಒಂದೇ: ದುಬಾರಿ ಚಿಪ್‌ನ ವಿನ್ಯಾಸವೇ ಇರಬೇಕು, ಬಸ್ಸಿನ ನಿಗದಿತ ವೇಗ ಕಡಿಮೆ ಇರಬೇಕು, ಗುಣಕ ಸಾಕಷ್ಟು ದೊಡ್ಡದಾಗಿರಬೇಕು, ಮದರ್‌ಬೋರ್ಡು ಮೇಲಿನ ಬಸ್ಸಿನ ವೇಗವನ್ನು ತಾಳಬೇಕು.

ಇದೇ ವರ್ಷಗಳಲ್ಲಿ ಬೆಂಗಳೂರು ಅಗ್ಗದ ಪ್ರೊಸೆಸರಿನ ಪ್ರಶ್ನೆಗೆ ತದ್ವಿರುದ್ಧವಾದ ಉತ್ತರವೊಂದನ್ನು ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕಕ್ಕೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ಆರಿಸಲಾಯಿತು. ಒಂದು ವ್ಯಾಟಿಗೂ ಕಡಿಮೆ ವಿದ್ಯುತ್ತಿನಲ್ಲಿ ಓಡುವ ಅದಕ್ಕೆ ಫ್ಯಾನಾಗಲಿ ಹೀಟ್‌ಸಿಂಕಾಗಲಿ ಬೇಕಿರಲಿಲ್ಲ, ಸಣ್ಣ ಬ್ಯಾಟರಿಗಳೇ ಸಾಕಾಗುತ್ತಿದ್ದವು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ವಿದ್ಯುತ್ತು ನೆಚ್ಚುವಂತಿಲ್ಲದ, ಬಿಸಿಲು ಹೆಚ್ಚಾದ ಊರುಗಳಿಗೆ ವೇಗಕ್ಕಿಂತ ತಂಪೇ ಮುಖ್ಯ ಎಂಬ ಅದರ ತರ್ಕ ಮುಂದೆ ಮೊಬೈಲ್ ಫೋನಿನ ಮೂಲಕ ಗೆದ್ದಿತು. ಮನೋಳಿಯ ರೈತರಿಗೆ ಕಂಪ್ಯೂಟರ್ ನೇರವಾಗಿ ಸಂಬಂಧಿಸಿದ್ದು ಇನ್ನೊಂದು ದಾರಿಯಲ್ಲಿ: ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆಯಲ್ಲಿ 2000ದ ದಶಕದ ಆರಂಭದಿಂದ ತಾಲ್ಲೂಕು ಕಚೇರಿಗಳಲ್ಲೇ ಮುದ್ರಿತ ಪಹಣಿ ಸಿಗತೊಡಗಿತು. ಅಂಥ ಕಡೆ ಓವರ್‌ಕ್ಲಾಕಿಂಗ್‌ಗೆ ಎಡೆಯೇ ಇಲ್ಲ. ಮಿತಿ ಮೀರಿದ ಚಿಪ್ ಯಾವಾಗಲೂ ಯಂತ್ರವನ್ನು ನಿಲ್ಲಿಸಿ ಎಚ್ಚರಿಸುವುದಿಲ್ಲ, ಒಮ್ಮೊಮ್ಮೆ ಸದ್ದಿಲ್ಲದೆ ಒಂದು ಅಂಕಿಯನ್ನು ತಪ್ಪಿಸುತ್ತದೆ, ಪಹಣಿಯಲ್ಲಿ ಒಂದು ಗುಂಟೆಯ ವ್ಯತ್ಯಾಸವೂ ವ್ಯಾಜ್ಯವಾಗುತ್ತದೆ.

2011ರಲ್ಲಿ ಇಂಟೆಲ್ ತನ್ನ ಹೊಸ ಚಿಪ್‌ಗಳಲ್ಲಿ ಎಲ್ಲ ಭಾಗಗಳ ತಾಳವನ್ನೂ ಒಂದೇ ಮೂಲಕ್ಕೆ ಕಟ್ಟಿ, ಬಸ್ಸಿನ ವೇಗವನ್ನು ಕೆಲವೇ ಪ್ರತಿಶತಕ್ಕಿಂತ ಹೆಚ್ಚು ಏರಿಸಲಾಗದಂತೆ ಮಾಡಿದಾಗ ಅಗ್ಗದ ಚಿಪ್‌ನ ಹಳೆಯ ದಾರಿ ಮುಚ್ಚಿತು. ಗುಣಕ ತೆರೆದ ಚಿಪ್‌ಗಳು ಕೆ ಅಕ್ಷರದ ದುಬಾರಿ ಮಾದರಿಗಳಾದವು. 2014ರಲ್ಲಿ ಪೆಂಟಿಯಂ ಹೆಸರಿನ 20ನೆಯ ವರ್ಷದ ನೆನಪಿಗೆ ಬಂದ 72 ಡಾಲರಿನ ಜಿ3258 ಇದಕ್ಕೆ ಅಪವಾದ. 2017ರಿಂದ ಎಎಂಡಿ ತನ್ನ ರೈಜೆನ್ ಚಿಪ್‌ಗಳ ಗುಣಕವನ್ನು ತೆರೆದಿಟ್ಟರೂ ಅಷ್ಟರಲ್ಲಿ ಚಿಪ್‌ಗಳು ತಮ್ಮ ಉಷ್ಣತೆಯನ್ನು ತಾವೇ ಅಳೆದು, ತಂಪಿರುವಷ್ಟು ಕಾಲ ವೇಗವನ್ನು ತಾವೇ ಏರಿಸಿಕೊಳ್ಳಲು ಕಲಿತಿದ್ದವು. ಮುದ್ರೆಗೂ ಸಾಮರ್ಥ್ಯಕ್ಕೂ ನಡುವಿನ ಅಂತರವನ್ನು ಈಗ ಬಹುಮಟ್ಟಿಗೆ ಕಾರ್ಖಾನೆಯೇ ಬಳಸಿಕೊಂಡಿರುತ್ತದೆ, ಬಳಕೆದಾರನ ಕೈಯಲ್ಲಿ ಉಳಿದಿರುವುದು ತಂಪು ಒದಗಿಸುವ ಕೆಲಸ ಮಾತ್ರ. ಆದ್ದರಿಂದ ಮನೋಳಿಯಂಥ ಊರಿನಲ್ಲಿ ಕಡಿಮೆ ಬೆಲೆಯ ಪ್ರೊಸೆಸರ್ ಕೊಳ್ಳುವವರು ಚಿಪ್‌ನ ಮೇಲಿನ ದರ್ಜೆಗೆ ಹಣ ಸುರಿಯುವ ಮೊದಲು ದೊಡ್ಡ ಹೀಟ್‌ಸಿಂಕಿಗೂ ಗಾಳಿಯಾಡುವ ಪೆಟ್ಟಿಗೆಗೂ ಹಣ ತೆಗೆದಿಡುವುದು ಲಾಭಕರ; ತಂಪಿನ ವೆಚ್ಚವೂ ಸೇರಿ ಮೇಲಿನ ಚಿಪ್‌ನ ಬೆಲೆಯನ್ನು ಮುಟ್ಟುವುದಾದರೆ ಮೇಲಿನ ಚಿಪ್ಪನ್ನೇ ಕೊಳ್ಳುವುದು ಲೇಸು.