ಬ್ಲಾಗ್ ಬರೆದರೆ ಪಾಠ ನೆನಪಿನಲ್ಲಿ ಉಳಿಯುತ್ತದೆಯೇ?

ಉಳಿಯುತ್ತದೆ, ಪುಸ್ತಕ ಮುಚ್ಚಿಟ್ಟು ಬರೆದರೆ. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದರೆ ಪುಟ ತುಂಬುತ್ತದೆ, ತಲೆ ತುಂಬುವುದಿಲ್ಲ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅದು ಬ್ಲಾಗ್ ಕುರಿತದ್ದಲ್ಲ, ನೆನಪಿನ ಕುರಿತದ್ದು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೋಡದೆ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ಲೆಕ್ಕ ತಿರುಗಿತು: ನೋಡದೆ ಬರೆದಿದ್ದರಲ್ಲಿ ಶೇ. 56, ಬರೀ ಓದಿದ್ದರಲ್ಲಿ ಶೇ. 42 ನೆನಪಿತ್ತು. ಮತ್ತೆ ಮತ್ತೆ ಓದಿದಾಗ 'ಎಲ್ಲಾ ಬರುತ್ತೆ' ಅನ್ನಿಸುವುದನ್ನು ಪೂರ್ತಿ ನಂಬಬೇಡಿ.

ಬ್ಲಾಗಿನಲ್ಲಿ ಹೀಗೆ ಮಾಡಿ: ದ್ಯುತಿಸಂಶ್ಲೇಷಣೆ ಪಾಠ ಓದಿ, ಪುಸ್ತಕ ಮುಚ್ಚಿ, ತಂಗಿಗೆ ಹೇಳಿಕೊಡುವ ಹಾಗೆ ಬರೆಯಿರಿ. ಪೆನ್ನು ನಿಂತಲ್ಲೇ ನಿಮಗೆ ಬಾರದ ಭಾಗವಿದೆ. ಆಮೇಲೆ ಪುಸ್ತಕ ತೆರೆದು ತಿದ್ದಿ, ಟೈಪ್ ಮಾಡಿ ಪ್ರಕಟಿಸಿ.

ಮಕ್ಕಳ ಪೂರ್ಣ ಹೆಸರು, ಶಾಲೆ, ಫೋನ್ ನಂಬರ್ ಹಾಕಬೇಡಿ. ತಿದ್ದದೆ ಹಂಚಲೂ ಬೇಡಿ; ತಪ್ಪಿದ್ದರೆ ಅದೂ ಇನ್ನೊಂದು ಸುಳ್ಳು ಫಾರ್ವರ್ಡ್ ಆಗುತ್ತದೆ.